ಮಾತಿನ ನೆಲೆಯ ಶೋಧ

ಮಾತನಾಡುವುದು ಮನುಷ್ಯನಿಗೆ ಉಸಿರಾಟದಷ್ಟೇ ಸಹಜವಾದುದರಿಂದ ಅದರ ವಿಷಯವಾಗಿ ಆತ ಸಾಮಾನ್ಯವಾಗಿ ಚಿಂತಿಸುವುದಿಲ್ಲ. ಮಾತು ನಿಂತಾಗಲೇ ಅದು ಏನೆಂಬ ಪ್ರಶ್ನೆ ಹುಟ್ಟುತ್ತದೆ. ಬೆಳಗ್ಗೆ ಎಂದಿನಂತೆ ಎದ್ದ ಮನೆಯ ಹಿರಿಯರೊಬ್ಬರಿಗೆ ಮಧ್ಯಾಹ್ನದ ವೇಳೆಗೆ ಲಕ್ವ ಹೊಡೆದು, ಬಲಗೈ ಬಿದ್ದು, ಮಾತು ನಿಂತುಹೋಗುತ್ತದೆ. ಆಗ ಮಂಚದ ಸುತ್ತ ಸೇರಿದವರೆಲ್ಲರ ಮನಸ್ಸಿನಲ್ಲಿಯೂ ಏಳುವ ಪ್ರಶ್ನೆ ಒಂದೇ: ನಾವು ಆಡುವುದು ಇವರಿಗೆ ತಿಳಿಯುತ್ತಿದೆಯೆ? ಮಾತಿನ ಜೊತೆಗೆ ಬುದ್ಧಿಯೂ ಹೋಯಿತೆ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಶಾಸ್ತ್ರವು ಹುಟ್ಟಿ ಇನ್ನೂ ಇನ್ನೂರು ವರ್ಷಗಳಾಗಿಲ್ಲ. ನಾವು ವೈದ್ಯರಲ್ಲ, ಇತಿಹಾಸದ ಅಧ್ಯಾಪಕರು. ಆದರೂ ಈ ಶಾಸ್ತ್ರದ ಹುಟ್ಟಿನಲ್ಲಿ ಇತಿಹಾಸಕಾರನು ಗಮನಿಸತಕ್ಕ ಸಂಗತಿಯೊಂದು ಅಡಗಿದೆ. ಎರಡು ಮಿದುಳುಗಳನ್ನು ಕತ್ತರಿಸದೆ ಕಾದಿಟ್ಟದ್ದರಿಂದ, ಅವನ್ನು ಮೊದಲು ಓದಿದವನ ತೀರ್ಮಾನವನ್ನು ಮುಂದಿನ ತಲೆಮಾರಿನವರು ಮತ್ತೆ ಮತ್ತೆ ಓದಿ ತಿದ್ದಲು ಸಾಧ್ಯವಾಯಿತು. ಪ್ರಕೃತ ಲೇಖನದಲ್ಲಿ ಆ ವೃತ್ತಾಂತವನ್ನು ನಿರೂಪಿಸಿ, ಅದರ ಮೂಲಕ ಮಾತು, ಭಾಷೆ, ಮಿದುಳು ಇವುಗಳ ಸಂಬಂಧವನ್ನು ವಿವರಿಸುವುದು ನಮ್ಮ ಉದ್ದೇಶ.

೧. ಧ್ವನಿ, ಮಾತು, ಭಾಷೆ

ಮೊದಲು ಮೂರು ಪದಗಳನ್ನು ಬೇರೆ ಬೇರೆಯಾಗಿ ಇರಿಸಿಕೊಳ್ಳಬೇಕು. ಶ್ವಾಸಕೋಶದಿಂದ ಮೇಲೇರುವ ಗಾಳಿ ಗಂಟಲಿನ ಧ್ವನಿತಂತುಗಳನ್ನು ಕಂಪಿಸಿದಾಗ ಹುಟ್ಟುವುದು ಧ್ವನಿ. ಈ ಕಂಪನವು ಗಂಡಸರಲ್ಲಿ ಸೆಕೆಂಡಿಗೆ ಸುಮಾರು ೧೦೦ ಸಲ, ಹೆಂಗಸರಲ್ಲಿ ಸುಮಾರು ೨೦೦ ಸಲ ನಡೆಯುತ್ತದೆ. ಆ ಧ್ವನಿಯನ್ನು ನಾಲಗೆ, ತುಟಿ, ಅಂಗುಳ, ಹಲ್ಲುಗಳು ತಡೆದು, ಬಿಟ್ಟು, ತಿದ್ದಿ ಅಕ್ಷರಗಳನ್ನಾಗಿ ಮಾಡಿದಾಗ ಮಾತಾಗುತ್ತದೆ. 'ಕಿರಿ' ಎಂಬುದಕ್ಕೂ 'ಗಿರಿ' ಎಂಬುದಕ್ಕೂ ಬಾಯೊಳಗೆ ನಾಲಗೆಯ ಸ್ಥಾನ ಒಂದೇ. ಎರಡನೆಯದರಲ್ಲಿ ಧ್ವನಿತಂತುಗಳು ಮೊದಲೇ ಕಂಪಿಸತೊಡಗುತ್ತವೆ ಎಂಬುದೊಂದೇ ಭೇದ. ಅಷ್ಟು ಸಣ್ಣ ಭೇದದಿಂದ ಚಿಕ್ಕದು ಬೆಟ್ಟವಾಗುತ್ತದೆ. ಹೀಗೆ ಅರ್ಥ ಬದಲಾಗುವಂತೆ ಧ್ವನಿಗಳನ್ನೂ ಪದಗಳನ್ನೂ ಜೋಡಿಸುವ ನಿಯಮಗಳ ವ್ಯವಸ್ಥೆಯೇ ಭಾಷೆ. ಅದು ಬಾಯಲ್ಲಿಲ್ಲ, ಮನಸ್ಸಿನಲ್ಲಿದೆ.

ನಮ್ಮ ವೈಯಾಕರಣರು ಈ ಪ್ರಶ್ನೆಯನ್ನು ಬಿಟ್ಟವರಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ಹೇಳುವಾಗ ಜೀವನ ಇಚ್ಛೆ, ಅದಕ್ಕೆ ಅನುಕೂಲವಾದ ವಾಯು, ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹೊಮ್ಮುವ ನಾದ ಇವುಗಳನ್ನು ಹೇಳಿದ್ದಾನೆ. ಈ ವಿವರಣೆಯಲ್ಲಿ ಇಚ್ಛೆಯು ಮೊದಲನೆಯದು, ಉಸಿರು ಆಮೇಲಿನದು ಎಂಬುದು ಗಮನಾರ್ಹ. ಆದರೆ ಇಚ್ಛೆಗೂ ಉಸಿರಿಗೂ ನಡುವೆ ನಡೆಯುವ ಕಾರ್ಯವೇನು? ಹೇಳಬೇಕೆಂಬ ಬಯಕೆ ಪದವಾಗಿ ಮಾರ್ಪಡುವುದು ಎಲ್ಲಿ? ಬದುಕಿರುವವನ ತಲೆಯೊಳಗೆ ಇಣಿಕಿ ನೋಡುವ ಸಾಧನವಿಲ್ಲದ ಕಾಲದಲ್ಲಿ ಇದಕ್ಕೆ ಉತ್ತರ ಸಿಗುವಂತಿರಲಿಲ್ಲ. ಅದಕ್ಕೆ ಮೊದಲ ದಾರಿ ತೆರೆದದ್ದು ರೋಗ.

೨. ಪ್ಯಾರಿಸ್ಸಿನ ವಿವಾದ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸ್ ಜೋಸೆಫ್ ಗಾಲ್ (೧೭೫೮–೧೮೨೮) ಎಂಬ ವೈದ್ಯನು ಮಿದುಳು ಒಂದೇ ಅಂಗವಲ್ಲ, ಹಲವು ಶಕ್ತಿಗಳಿಗೆ ಹಲವು ನೆಲೆಗಳಿರುವ ಸಮೂಹ ಎಂದು ಸಾರಿದನು. ಮಾತಿನ ಶಕ್ತಿಯ ನೆಲೆ ಮಿದುಳಿನ ಮುಂಭಾಗದಲ್ಲಿ, ಕಣ್ಣುಗಳ ಹಿಂದೆ ಇದೆ ಎಂಬುದು ಅವನ ಮತ. ತಲೆಬುರುಡೆಯ ಉಬ್ಬುತಗ್ಗುಗಳಿಂದ ಮನುಷ್ಯನ ಗುಣವನ್ನು ಅಳೆಯಹೊರಟ ಅವನ ಪದ್ಧತಿ ನಿರಾಧಾರವಾದುದು; ಆದರೆ ಅದರೊಳಗಿನ ಒಂದು ಊಹೆ ಬದುಕಿ ಉಳಿಯಿತು. ಜಾನ್ ಬಾಪ್ತಿಸ್ತ್ ಬುಯ್ಯೋ ಎಂಬ ವೈದ್ಯನು ೧೮೨೫ರಲ್ಲಿ ರೋಗಿಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ, ಮಾತು ಕೆಟ್ಟವರಲ್ಲಿ ಮಿದುಳಿನ ಮುಂಭಾಗವೂ ಕೆಟ್ಟಿರುತ್ತದೆ ಎಂದು ವಾದಿಸಿದನು. ೧೮೪೮ರಲ್ಲಿ, ತನ್ನ ಮಾತಿಗೆ ವಿರುದ್ಧವಾದ ನಿದರ್ಶನ ತಂದವರಿಗೆ ೫೦೦ ಫ್ರಾಂಕ್ ಕೊಡುವುದಾಗಿ ಪಂಥವನ್ನೂ ಒಡ್ಡಿದನು.

ಶಸ್ತ್ರವೈದ್ಯನಾದ ಪಾಲ್ ಬ್ರೋಕಾ ೧೮೫೯ರಲ್ಲಿ ಪ್ಯಾರಿಸ್ಸಿನಲ್ಲಿ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದನು. ೧೮೬೧ರ ವಸಂತದಲ್ಲಿ ಆ ಸಂಘದ ಸಭೆಗಳಲ್ಲಿ ಈ ವಿಷಯವಾಗಿ ದೊಡ್ಡ ಚರ್ಚೆ ನಡೆಯಿತು. ಮಿದುಳು ಒಟ್ಟಾಗಿ ಕೆಲಸ ಮಾಡುತ್ತದೆ ಎನ್ನುವವರು ಒಂದು ಪಕ್ಷ. ಬುಯ್ಯೋನ ಅಳಿಯನಾದ ಅರ್ನೆಸ್ಟ್ ಓಬರ್ತಿನ್ ಇನ್ನೊಂದು ಪಕ್ಷ. ಮಾತು ಹೋದ ರೋಗಿಯೊಬ್ಬನ ಮುಂಭಾಗದಲ್ಲಿ ಗಾಯ ಕಾಣದಿದ್ದರೆ ತನ್ನ ಮತವನ್ನು ಬಿಟ್ಟುಕೊಡುತ್ತೇನೆ ಎಂದು ಓಬರ್ತಿನ್ ಸಭೆಯಲ್ಲಿಯೇ ಘೋಷಿಸಿದನು. ಅದಾದ ಕೆಲವೇ ದಿನಗಳಲ್ಲಿ ಬ್ರೋಕಾನಿಗೆ ಅಂತಹ ರೋಗಿಯೊಬ್ಬ ದೊರೆತನು.

೩. ಲೆಬೋರ್ನ್ ಮತ್ತು ಲೆಲೋಂಗ್

ಪ್ಯಾರಿಸ್ಸಿನ ಬಳಿಯ ಬೀಸೇತ್ರ್ ಆಸ್ಪತ್ರೆಯಲ್ಲಿ ೨೧ ವರ್ಷಗಳಿಂದ ಇದ್ದ ಲೆಬೋರ್ನ್ ಎಂಬಾತನು ೧೮೬೧ರ ಏಪ್ರಿಲ್ ೧೧ರಂದು, ಬಲಗಾಲು ಕೊಳೆತ ಸ್ಥಿತಿಯಲ್ಲಿ, ಬ್ರೋಕಾನ ವಿಭಾಗಕ್ಕೆ ಬಂದನು. ಆತನಿಗೆ ಆಗ ೫೧ ವರ್ಷ. ಪಾದರಕ್ಷೆ ಮಾಡುವವರಿಗೆ ಮರದ ಅಚ್ಚುಗಳನ್ನು ಮಾಡಿಕೊಡುವುದು ಆತನ ಹಿಂದಿನ ಕಸುಬು, ಎಳೆವಯಸ್ಸಿನಿಂದ ಮೂರ್ಛೆರೋಗವಿದ್ದಿತು. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದುದು 'ತಾಂ' ಎಂಬ ಒಂದೇ ಅಕ್ಷರ. ಅದನ್ನೇ ಎರಡು ಸಲ ಹೇಳುತ್ತಿದ್ದನು. ಆಸ್ಪತ್ರೆಯಲ್ಲಿ ಎಲ್ಲರೂ ಆತನನ್ನು ಅದೇ ಹೆಸರಿನಿಂದ ಕರೆಯುತ್ತಿದ್ದರು. ತನ್ನ ಇಂಗಿತ ಇತರರಿಗೆ ತಿಳಿಯದೆ ಸಿಟ್ಟು ಬಂದಾಗ ಮಾತ್ರ ದೇವರ ಹೆಸರೆತ್ತಿ ಬೈಯುವ ಒಂದು ಬೈಗುಳ ಸ್ಪಷ್ಟವಾಗಿ ಹೊರಡುತ್ತಿದ್ದಿತು. ಆಸ್ಪತ್ರೆಯಲ್ಲಿ ಎಷ್ಟು ವರ್ಷಗಳಿಂದ ಇರುವೆ ಎಂದು ಬ್ರೋಕಾ ಕೇಳಿದಾಗ, ಆತನು ಎಡಗೈಯ ಐದು ಬೆರಳುಗಳನ್ನು ನಾಲ್ಕು ಸಲ ಬಿಚ್ಚಿ ತೋರಿ, ಮೇಲೆ ಒಂದು ಬೆರಳನ್ನು ಎತ್ತಿದನು. ಲೆಕ್ಕ ಸರಿಯಾಗಿದ್ದಿತು. ಬಲಗೈ ಆಗಲೇ ಸ್ವಾಧೀನ ತಪ್ಪಿದ್ದಿತು.

ಏಪ್ರಿಲ್ ೧೭ರಂದು ಲೆಬೋರ್ನ್ ತೀರಿಕೊಂಡನು. ಮರುದಿನವೇ ಬ್ರೋಕಾ ಆತನ ಮಿದುಳನ್ನು ಸಂಘದ ಸಭೆಗೆ ತಂದು ತೋರಿಸಿದನು. ಎಡಬದಿಯ ಮುಂಭಾಗದಲ್ಲಿ ಕೋಳಿಮೊಟ್ಟೆಯಷ್ಟು ಗಾತ್ರದ ಕುಳಿಯಿದ್ದಿತು. ಅದರ ನಡುವಿನ ಸ್ಥಾನ ಮೂರನೆಯ ಮಡಿಕೆಯೆಂದೂ, ರೋಗ ಅಲ್ಲಿಂದಲೇ ಆರಂಭವಾಗಿರಬೇಕೆಂದೂ ಬ್ರೋಕಾ ತೀರ್ಮಾನಿಸಿದನು.

ಅದೇ ವರ್ಷದ ಶರತ್ಕಾಲದಲ್ಲಿ ೮೪ ವರ್ಷದ ಲೆಲೋಂಗ್ ಎಂಬ ಮುದುಕನು ತೊಡೆಯೆಲುಬು ಮುರಿದು ಅದೇ ಆಸ್ಪತ್ರೆಗೆ ಸೇರಿದನು. ಒಂದೂವರೆ ವರ್ಷದ ಹಿಂದೆ ಆತನ ಮಾತು ಹೋಗಿದ್ದಿತು. ಉಳಿದದ್ದು ಐದೇ ಪದಗಳು. ಹೌದು, ಅಲ್ಲ, ಯಾವಾಗಲೂ ಎಂಬ ಅರ್ಥದ ಮೂರು. ತನ್ನ ಹೆಸರಿಗೆ 'ಲೆಲೋ'. ಮತ್ತು ಮೂರು ಎಂಬ ಸಂಖ್ಯೆಯ ಒಡೆದ ರೂಪವೊಂದು. ಯಾವ ಸಂಖ್ಯೆಯನ್ನು ಹೇಳಬೇಕಾದರೂ ಆತನ ಬಾಯಿಗೆ ಬರುತ್ತಿದ್ದುದು ಆ 'ಮೂರು' ಒಂದೇ. ಮಕ್ಕಳೆಷ್ಟು ಎಂದಾಗ 'ಮೂರು' ಎಂದು ಹೇಳಿ ನಾಲ್ಕು ಬೆರಳೆತ್ತಿದನು. ವಯಸ್ಸೆಷ್ಟು ಎಂದಾಗ ಮೊದಲು ಎಂಟು ಬೆರಳುಗಳನ್ನೂ ಆಮೇಲೆ ನಾಲ್ಕು ಬೆರಳುಗಳನ್ನೂ ತೋರಿಸಿದನು. ಬಾಯಿ ತಪ್ಪಿದ್ದನ್ನು ಕೈ ತಿದ್ದುತ್ತಿದ್ದಿತು. ತಪ್ಪಾಯಿತೆಂಬ ಅರಿವು ಒಳಗೆ ಜಾಗೃತವಾಗಿದ್ದಿತು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಕೆಲವು ದಿನಗಳಲ್ಲಿ ಆತನೂ ತೀರಿಕೊಂಡನು. ಗಾಯವಿದ್ದುದು ಅದೇ ಎಡಬದಿಯಲ್ಲಿ, ಹೆಚ್ಚು ಕಡಿಮೆ ಅದೇ ಸ್ಥಾನದಲ್ಲಿ.

೧೮೬೩ರ ಹೊತ್ತಿಗೆ ಬ್ರೋಕಾನ ಕೈಯಲ್ಲಿ ಎಂಟು ನಿದರ್ಶನಗಳಿದ್ದುವು, ಎಲ್ಲವೂ ಎಡಬದಿಯವೇ. ೧೮೬೫ರಲ್ಲಿ ಅವನು, ನಾವು ಮಾತನಾಡುವುದು ಮಿದುಳಿನ ಎಡ ಅರ್ಧಗೋಳದಿಂದ ಎಂಬ ಸಿದ್ಧಾಂತವನ್ನು ಸ್ಪಷ್ಟವಾಗಿ ಮಂಡಿಸಿದನು. ಈ ಆದ್ಯತೆಯ ಗೌರವ ತಮ್ಮ ತಂದೆಗೆ ಸಲ್ಲಬೇಕೆಂದು ಗುಸ್ತಾವ್ ಡಾಕ್ಸ್ ಎಂಬ ವೈದ್ಯರು ವಾದಿಸಿದರು; ಅವರ ತಂದೆ ಮಾರ್ಕ್ ಡಾಕ್ಸ್ ೧೮೩೬ರಲ್ಲಿಯೇ ಇದನ್ನು ಬರೆದಿದ್ದರೆಂದು ಹಸ್ತಪ್ರತಿಯನ್ನು ಒಪ್ಪಿಸಿದರು. ಮೋನ್‌ಪೆಲ್ಯೆಯ ಸಮ್ಮೇಳನದಲ್ಲಿ ಅದನ್ನು ಓದಿದುದಕ್ಕೆ ದಾಖಲೆ ಮಾತ್ರ ದೊರೆಯಲಿಲ್ಲ. ಹಸ್ತಪ್ರತಿಯಿದೆ, ವಾಚನಕ್ಕೆ ಆಧಾರವಿಲ್ಲ ಎಂಬ ಇಂತಹ ಸಂದಿಗ್ಧ ನಮ್ಮ ವೃತ್ತಿಯವರಿಗೆ ಹೊಸದೇನೂ ಅಲ್ಲ.

೪. ಮಾತು ಹರಿದರೂ ಅರ್ಥ ತಪ್ಪುವ ಬಗೆ

ಬ್ರೋಕಾನ ರೋಗಿಗಳಿಗೆ ಕೇಳಿದ್ದು ತಿಳಿಯುತ್ತಿತ್ತು, ಆಡಲು ಆಗುತ್ತಿರಲಿಲ್ಲ. ಇದಕ್ಕೆ ತದ್ವಿರುದ್ಧವಾದ ರೋಗವನ್ನು ೧೮೭೪ರಲ್ಲಿ ಬ್ರೆಸ್ಲೌ ನಗರದ ೨೬ ವರ್ಷದ ತರುಣ ವೈದ್ಯ ಕಾರ್ಲ್ ವೆರ್ನಿಕೆ ವಿವರಿಸಿದನು. ಈ ರೋಗಿಗಳ ಮಾತು ತಡೆಯಿಲ್ಲದೆ ಹರಿಯುತ್ತದೆ, ಏರಿಳಿತವೂ ಸರಿಯಾಗಿರುತ್ತದೆ, ಆದರೆ ಪದಗಳು ಒಂದಕ್ಕೆ ಬದಲಾಗಿ ಇನ್ನೊಂದು ಬಂದು ಅರ್ಥ ಕೆಡುತ್ತದೆ. ಇತರರು ಆಡಿದ್ದು ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಕಿವಿ ಮಾತ್ರ ಕೆಟ್ಟಿರುವುದಿಲ್ಲ. ಗಾಯವಿರುವುದು ಎಡಬದಿಯ ಕಪೋಲಭಾಗದಲ್ಲಿ, ಅಂದರೆ ಕಿವಿಯ ನೇರಕ್ಕೆ ಒಳಗಿರುವ ಮೇಲಿನ ಮಡಿಕೆಯ ಹಿಂಭಾಗದಲ್ಲಿ.

ವೆರ್ನಿಕೆಯ ದೊಡ್ಡ ಕೊಡುಗೆ ಎರಡನೆಯ ನೆಲೆಯನ್ನು ಕಂಡುಹಿಡಿದದ್ದಷ್ಟೇ ಅಲ್ಲ. ಈ ಎರಡು ನೆಲೆಗಳನ್ನು ಜೋಡಿಸುವ ನರತಂತುಗಳ ದಾರಿಯೊಂದು ಇರಲೇಬೇಕು; ಆ ದಾರಿ ಮುರಿದರೆ, ಎರಡು ನೆಲೆಗಳೂ ಸರಿಯಾಗಿದ್ದರೂ ಮಾತು ಕೆಡಬೇಕು ಎಂದು ಅವನು ಊಹಿಸಿದನು. ಅಂತಹ ರೋಗಿಗಳು ಆಮೇಲೆ ಸಿಕ್ಕಿದರು. ಅವರಿಗೆ ಮಾತು ತಿಳಿಯುತ್ತದೆ, ಮಾತನಾಡಲೂ ಬರುತ್ತದೆ. ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಲು ಮಾತ್ರ ಆಗುವುದಿಲ್ಲ. ಎರಡು ಊರುಗಳು ಕ್ಷೇಮವಾಗಿದ್ದರೂ ನಡುವಿನ ಸೇತುವೆ ಕುಸಿದರೆ ವ್ಯವಹಾರ ನಿಲ್ಲುವಂತೆ ಇದು.

೫. ಎರಡನೆಯ ಓದು, ಮೂರನೆಯ ಓದು

ಇಲ್ಲಿಗೆ ಕಥೆ ಮುಗಿಯಿತೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದುವು: ಆಡುವುದಕ್ಕೆ ಬ್ರೋಕಾನ ನೆಲೆ, ಅರಿಯುವುದಕ್ಕೆ ವೆರ್ನಿಕೆಯ ನೆಲೆ. ಆದರೆ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜ್ಯಾಕ್ಸನ್ ಎಂಬ ವೈದ್ಯನು ಆಗಲೇ ಒಂದು ಎಚ್ಚರಿಕೆ ಕೊಟ್ಟಿದ್ದನು. ಮಾತನ್ನು ಕೆಡಿಸುವ ಗಾಯದ ಸ್ಥಾನವನ್ನು ತೋರಿಸುವುದು ಬೇರೆ, ಮಾತಿನ ಸ್ಥಾನವನ್ನು ತೋರಿಸುವುದು ಬೇರೆ ಎಂಬುದು ಅದರ ತಾತ್ಪರ್ಯ. ಬಾವಿಯ ಹಗ್ಗ ಹರಿದರೆ ಮನೆಗೆ ನೀರು ಬರುವುದಿಲ್ಲ. ಅಷ್ಟರಿಂದ ನೀರು ಹಗ್ಗದಲ್ಲಿತ್ತು ಎಂದು ಹೇಳಲಾಗದು. ಲೆಬೋರ್ನನ ಬೈಗುಳದ ಅರ್ಥವನ್ನೂ ಜ್ಯಾಕ್ಸನ್ನನ ವಿಚಾರವೇ ಬಿಡಿಸಿತು. ಬೇಕೆಂದು ಕಟ್ಟಿ ಆಡುವ ಮಾತು ಒಂದು ಬಗೆ. ಬೈಗುಳ, ಎಣಿಕೆ, ಬಾಯಿಪಾಠದ ಪ್ರಾರ್ಥನೆ ಮುಂತಾದ, ರೂಢಿಯಿಂದ ತಾನಾಗಿ ಹೊಮ್ಮುವ ಮಾತು ಇನ್ನೊಂದು ಬಗೆ. ಮೊದಲನೆಯದು ಹೋದರೂ ಎರಡನೆಯದು ಉಳಿಯಬಹುದು. ನೀರು ಬೇಕೆಂದು ಹೇಳಲಾರದ ರೋಗಿ ಬಾಲ್ಯದಲ್ಲಿ ಕಲಿತ ಹಾಡನ್ನು ಪದಸಹಿತ ಹಾಡುವುದುಂಟು.

ಬ್ರೋಕಾನ ಒಂದು ವಿವೇಕ ಇಲ್ಲಿ ಸ್ಮರಣೀಯ. ಅವನು ಆ ಎರಡು ಮಿದುಳುಗಳನ್ನು ಒಳಗೆ ಕತ್ತರಿಸಿ ನೋಡಲಿಲ್ಲ. ಹೊರಮೈಯನ್ನು ಪರೀಕ್ಷಿಸಿ, ಮದ್ಯಸಾರದಲ್ಲಿ ಮುಳುಗಿಸಿ ಕಾದಿರಿಸಿದನು. ಅವು ಪ್ಯಾರಿಸ್ಸಿನ ಡ್ಯುಪ್ವಿತ್ರನ್ ವಸ್ತುಸಂಗ್ರಹಾಲಯವನ್ನು ಸೇರಿದುವು. ೧೯೦೬ರಲ್ಲಿ ಪಿಯೆರ್ ಮಾರಿ ಎಂಬ ವೈದ್ಯನು ಅವನ್ನು ಮತ್ತೆ ಪರೀಕ್ಷಿಸಿ, ಮೂರನೆಯ ಮಡಿಕೆಗೆ ಮಾತಿನಲ್ಲಿ ಯಾವ ವಿಶೇಷ ಪಾತ್ರವೂ ಇಲ್ಲವೆಂದು ಬ್ರೋಕಾನನ್ನು ಕಟುವಾಗಿ ಖಂಡಿಸಿದನು. ಇದು ಎರಡನೆಯ ಓದು. ಇದೂ ಅತಿಯಾಯಿತು.

೧೯೭೮ರಲ್ಲಿ ಜೆ. ಪಿ. ಮೋರ್ ಮತ್ತು ಸಂಗಡಿಗರು, ಬ್ರೋಕಾನ ನೆಲೆಯೊಂದೇ ಕೆಟ್ಟ ರೋಗಿಗಳಲ್ಲಿ ಮಾತು ಬೇಗನೆ ಬಹುಮಟ್ಟಿಗೆ ಮರಳುತ್ತದೆ, ಸ್ಥಿರವಾದ ನಷ್ಟಕ್ಕೆ ಇನ್ನೂ ದೊಡ್ಡ ಗಾಯ ಬೇಕು ಎಂದು ತೋರಿಸಿದರು. ಹಾಗಾದರೆ ಲೆಬೋರ್ನನ ಮಾತು ೨೧ ವರ್ಷ ಮರಳದಿದ್ದುದೇಕೆ? ಉತ್ತರ ಆ ಗಾಜಿನ ಪಾತ್ರೆಯಲ್ಲಿಯೇ ಕಾದಿದ್ದಿತು. ೨೦೦೭ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಅವರ ಸಹೋದ್ಯೋಗಿಗಳು ಎರಡು ಮಿದುಳುಗಳನ್ನೂ ಕಾಂತೀಯ ಅನುರಣನ ಯಂತ್ರದಲ್ಲಿಟ್ಟು, ಕತ್ತರಿಸದೆಯೇ ಒಳಗನ್ನು ಕಂಡರು. ಗಾಯವು ಮೇಲ್ಮೈಯಲ್ಲಿ ನಿಂತಿರಲಿಲ್ಲ. ಎರಡರಲ್ಲಿಯೂ ಅದು ಆಳಕ್ಕಿಳಿದು, ಮಿದುಳಿನ ಮುಂಭಾಗವನ್ನು ಹಿಂಭಾಗಕ್ಕೆ ಜೋಡಿಸುವ ನರತಂತುಗಳ ದೊಡ್ಡ ಕಟ್ಟನ್ನು ಮುಟ್ಟಿದ್ದಿತು. ಲೆಲೋಂಗನಲ್ಲಿಯಂತೂ ಇಂದು ಬ್ರೋಕಾನ ಹೆಸರಿನಿಂದ ಕರೆಯುವ ಪ್ರದೇಶದ ಹಿಂಭಾಗ ಮಾತ್ರ ಕೆಟ್ಟಿದ್ದಿತು. ಅಂದಮೇಲೆ ಸ್ಥಾನವನ್ನು ಗುರುತಿಸಿದ ಬ್ರೋಕಾನೂ, ಸಂಪರ್ಕವನ್ನು ಊಹಿಸಿದ ವೆರ್ನಿಕೆಯೂ ಒಂದೊಂದು ಪಾಲು ಸತ್ಯವನ್ನು ಕಂಡಿದ್ದರು.

ಶಾಸನವೊಂದನ್ನು ಮೊದಲು ಓದಿದವರ ಪಾಠವನ್ನು ಆಮೇಲಿನವರು ತಿದ್ದುವುದು ನಮ್ಮಲ್ಲಿ ವಾಡಿಕೆ. ಕಲ್ಲು ಉಳಿದಿದ್ದರೆ ಮಾತ್ರ ಅದು ಸಾಧ್ಯ. ಬ್ರೋಕಾನ ಸಿದ್ಧಾಂತಕ್ಕಿಂತಲೂ ಅವನು ಆಧಾರವನ್ನು ಉಳಿಸಿದ ರೀತಿಯೇ ಹೆಚ್ಚು ಕಾಲ ಬಾಳಿತು ಎಂಬುದು ನಮ್ಮ ಅಭಿಪ್ರಾಯ.

೬. ಇಂದಿನ ತಿಳಿವಳಿಕೆ

ಈಗ ಬದುಕಿರುವವರ ಮಿದುಳಿನ ಕೆಲಸವನ್ನು ನೋಡುವ ಹಲವು ಸಾಧನಗಳಿವೆ. ಅವುಗಳಿಂದ ತಿಳಿದುಬಂದುದನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಕೇಳಿದ ಧ್ವನಿಯು ಕಿವಿಯ ಒಳಗಿನ ಶಂಖದಿಂದ ಎರಡು ಬದಿಯ ಶ್ರವಣಪ್ರದೇಶಗಳಿಗೂ ತಲಪುತ್ತದೆ. ಅಲ್ಲಿಂದ ಒಂದು ದಾರಿ ಕಪೋಲಭಾಗದಲ್ಲಿಯೇ ಸಾಗಿ ಅರ್ಥವನ್ನು ಹುಡುಕುತ್ತದೆ. ಇನ್ನೊಂದು ಹಿಂದಿನಿಂದ ಮೇಲೇರಿ ಮುಂಭಾಗಕ್ಕೆ ಹೋಗಿ, ಕೇಳಿದ ಧ್ವನಿಯನ್ನು ಆಡುವ ಚಲನೆಯೊಡನೆ ಹೊಂದಿಸುತ್ತದೆ. ಮಗು ಕೇಳಿದ ಪದವನ್ನು ತಿರುಗಿ ನುಡಿದು ಕಲಿಯುವುದಕ್ಕೆ ಈ ಎರಡನೆಯ ದಾರಿ ಅಗತ್ಯವೆಂದು ವಿದ್ವಾಂಸರು ಭಾವಿಸುತ್ತಾರೆ.

ಅರ್ಥಗ್ರಹಣದ ವೇಗ ಅಚ್ಚರಿಗೊಳಿಸುವಂತಹುದು. 'ಅವನು ಅನ್ನಕ್ಕೆ ಕಾಗದ ಕಲಸಿ ಉಂಡನು' ಎಂಬಂತಹ ವಾಕ್ಯದಲ್ಲಿ ಅಸಂಗತವಾದ ಪದ ಬಂದಾಗ, ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಕಳೆಯುವಷ್ಟರಲ್ಲಿ ಮಿದುಳಿನ ವಿದ್ಯುತ್ತಿನಲ್ಲಿ ವಿಶಿಷ್ಟವಾದ ಅಲೆಯೊಂದು ಏಳುತ್ತದೆ. ಇದನ್ನು ೧೯೮೦ರಲ್ಲಿ ಮಾರ್ತಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ ಪ್ರಕಟಿಸಿದರು. ಆಡುವ ವೇಗವೂ ಕಡಿಮೆಯೇನಲ್ಲ; ನಾವು ಸಲೀಸಾಗಿ ಮಾತನಾಡುವಾಗ ಸೆಕೆಂಡಿಗೆ ಎರಡು ಮೂರು ಪದಗಳನ್ನು ಆರಿಸಿ ನುಡಿಯುತ್ತೇವೆ. ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಬ್ರೋಕಾನ ನೆಲೆಯು ಪದ ಹೊರಡುವ ಮುಂಚೆ ಕೆಲಸ ಮಾಡಿ, ಬಾಯಿ ನುಡಿಯುವ ಹೊತ್ತಿಗೆ ಸುಮ್ಮನಾಗುತ್ತದೆ. ಅದು ನುಡಿಯುವ ಅಂಗವಲ್ಲ. ನುಡಿಯಬೇಕಾದುದನ್ನು ಅಣಿಗೊಳಿಸಿ ಮುಂದಕ್ಕೆ ಒಪ್ಪಿಸುವ ಸ್ಥಾನ.

ಎಡಬದಿಯ ಪ್ರಾಧಾನ್ಯವೂ ಎಲ್ಲರಲ್ಲಿ ಒಂದೇ ಸಮನಾಗಿಲ್ಲ. ಬಲಗೈ ಬಳಸುವವರಲ್ಲಿ ನೂರಕ್ಕೆ ಸುಮಾರು ೯೫ ಮಂದಿಗೆ, ಎಡಗೈಯವರಲ್ಲಿ ನೂರಕ್ಕೆ ಸುಮಾರು ೭೦ ಮಂದಿಗೆ ಭಾಷೆ ಎಡಬದಿಯದು. ಇನ್ನೂ ಗಂಭೀರವಾದ ಸಂಗತಿಯೊಂದುಂಟು. ಹುಟ್ಟುಕಿವುಡರ ಕೈಸನ್ನೆಯ ಭಾಷೆಗಳು ವ್ಯಾಕರಣವುಳ್ಳ ಪೂರ್ಣ ಭಾಷೆಗಳೇ ಆಗಿವೆ. ಆ ಭಾಷೆಯಾಡುವವರಿಗೆ ಎಡಬದಿಯಲ್ಲಿ ಗಾಯವಾದರೆ ಅವರ ಸನ್ನೆಯ ವಾಕ್ಯಗಳು ಒಡೆಯುತ್ತವೆ ಎಂದು ಪಾಯ್ಜ್‌ನರ್, ಕ್ಲೀಮಾ ಮತ್ತು ಬೆಲೂಜಿ ೧೯೮೭ರಲ್ಲಿ ತೋರಿಸಿದರು. ಅಂದಮೇಲೆ ಎಡಬದಿ ಕಾಯುತ್ತಿರುವುದು ನಾಲಗೆಯನ್ನಲ್ಲ, ಭಾಷೆಯನ್ನು.

ನಮ್ಮ ನಾಡಿಗೆ ಈ ವಿಷಯ ಇನ್ನೊಂದು ಕಾರಣದಿಂದ ಮುಖ್ಯವಾಗಿದೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಕಚೇರಿಯಲ್ಲಿ ಒಂದು ಭಾಷೆ ಆಡುವವರು ನಮ್ಮಲ್ಲಿ ಅನೇಕರು. ಅಂತಹವರ ಮಾತು ಕೆಟ್ಟಾಗ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಕೆಡಬೇಕೆಂದಿಲ್ಲ, ಒಂದೇ ಕ್ರಮದಲ್ಲಿ ಮರಳಬೇಕೆಂದೂ ಇಲ್ಲ. ೧೮೯೫ರಲ್ಲಿಯೇ ಫ್ರಾನ್ಸಿನ ಪಿತ್ರ್ ಎಂಬ ವೈದ್ಯನು ಇದನ್ನು ಗಮನಿಸಿದ್ದನು. ಆದಕಾರಣ ರೋಗಿಯನ್ನು ಒಂದೇ ಭಾಷೆಯಲ್ಲಿ ಪರೀಕ್ಷಿಸಿ ತೀರ್ಪು ಕೊಡುವುದು ಅನ್ಯಾಯ. ಇಂಗ್ಲಿಷಿನ ಪರೀಕ್ಷೆಯನ್ನು ಪದಕ್ಕೆ ಪದವಿಟ್ಟು ತಂದರೂ ಸಾಲದು. ಬಂದನು, ಬಂದಳು, ಬಂದಿತು ಎಂದು ಕ್ರಿಯಾಪದದ ಕೊನೆಯಲ್ಲಿಯೇ ಲಿಂಗವನ್ನೂ ವಚನವನ್ನೂ ಹೇಳುವ ಭಾಷೆ ನಮ್ಮದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ರೋಗಿಗಳ ಬಗೆಗೆ ನಡೆದಿರುವ ಕೆಲಸ ಈ ದೃಷ್ಟಿಯಿಂದ ಬೆಲೆಯುಳ್ಳದ್ದು.

೭. ಉಪಸಂಹಾರ

ಮಂಚದ ಸುತ್ತ ನಿಂತವರ ಪ್ರಶ್ನೆಗೆ ಈಗ ಹಿಂತಿರುಗಬಹುದು. ಮಾತು ನಿಂತವರ ಬುದ್ಧಿ ನಿಂತಿದೆ ಎಂದು ಭಾವಿಸಲು ಆಧಾರವಿಲ್ಲ. ಕೆಲವರಿಗೆ ಕೇಳಿದ್ದು ತಿಳಿಯದಿರಬಹುದು; ಹಲವರಿಗೆ ಚೆನ್ನಾಗಿ ತಿಳಿಯುತ್ತದೆ. ಯಾರಿಗೆ ಯಾವುದು ಉಳಿದಿದೆ ಎಂಬುದನ್ನು ಪರೀಕ್ಷಿಸಿಯೇ ಅರಿಯಬೇಕು. ಅಷ್ಟರವರೆಗೆ ಅವರ ಮುಂದೆ, ಅವರು ಕೇಳುತ್ತಿದ್ದಾರೆ ಎಂಬ ಭಾವನೆಯಿಂದಲೇ ಮಾತನಾಡುವುದು ಉಚಿತ. ಪ್ರಶ್ನೆಯನ್ನು ಚಿಕ್ಕದಾಗಿ ಕೇಳಿ, ಉತ್ತರಕ್ಕೆ ಕಾಲ ಕೊಟ್ಟು, ಕೈಸನ್ನೆಯನ್ನೂ ಉತ್ತರವೆಂದು ಒಪ್ಪಿಕೊಳ್ಳುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ.

ಲೆಬೋರ್ನನ ವಿಷಯವಾಗಿ ಒಂದು ಮಾತು ಉಳಿದಿದೆ. ನೂರೈವತ್ತು ವರ್ಷಗಳ ಕಾಲ ವೈದ್ಯಗ್ರಂಥಗಳಲ್ಲಿ ಆತನು ಬಹುತೇಕ 'ತಾಂ' ಆಗಿಯೇ ಉಳಿದನು. ಚೆಸಾರಿ ಡೊಮಾನ್ಸ್ಕಿ ಎಂಬ ಪೋಲೆಂಡಿನ ವಿದ್ವಾಂಸರು ಫ್ರಾನ್ಸಿನ ದಫ್ತರಗಳನ್ನು ಶೋಧಿಸಿ, ೨೦೧೩ರಲ್ಲಿ ಆತನ ಪೂರ್ಣನಾಮವನ್ನು ಪ್ರಕಟಿಸಿದರು: ಲೂಯಿ ವಿಕ್ಟರ್ ಲೆಬೋರ್ನ್, ಹುಟ್ಟಿದ್ದು ೧೮೦೯ರಲ್ಲಿ ಮೊರೆ ಎಂಬ ಊರಿನಲ್ಲಿ, ಶಾಲೆಯ ಉಪಾಧ್ಯಾಯರ ಮಗನಾಗಿ. ತನ್ನ ಹೆಸರನ್ನು ತಾನೇ ಹೇಳಲಾರದೆ ೨೧ ವರ್ಷ ಬಾಳಿದ ಮನುಷ್ಯನ ಹೆಸರನ್ನು ಕೊನೆಗೆ ಹೇಳಿದ್ದು ದಫ್ತರದ ಕಾಗದ. ಆತನ ಮಿದುಳು ಮಾತಿನ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಆತನ ಐದು ಬೆರಳುಗಳು ನಾಲ್ಕು ಸಲ ಬಿಚ್ಚಿ ಹೇಳಿದ ಲೆಕ್ಕವೂ ಅಷ್ಟೇ ಮುಖ್ಯವಾದ ಸಾಕ್ಷ್ಯವೆಂದು ನಾವು ತಿಳಿಯುತ್ತೇವೆ.